ಚಿಲಿಂಗಿನಿಂದ ತಂದ ಕೆಟಲಿ

ನೀಮೂ ಊರಿನ ಹೆಂಗಸರು ಕುಂಝೆಸ್‌ಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು 'ಇನ್ನೊಂದ್ಸಲ'. ಬಾಗಿಲಿಗೆ ಚಿಲಕ ಹಾಕಿ ಹತ್ತು ಹೆಜ್ಜೆ ಹೋದವಳು, ಹಾಕಿದೆನೋ ಇಲ್ಲವೋ ಎಂದು ಇನ್ನೊಂದ್ಸಲ ನೋಡಲು ತಿರುಗಿ ಬರುತ್ತಿದ್ದಳು. ಹಿಟ್ಟಿಗೆ ಉಪ್ಪು ಬಿದ್ದಿದೆಯೋ ಎಂದು ಇನ್ನೊಂದ್ಸಲ ನಾಲಿಗೆಗೆ ಹಚ್ಚುತ್ತಿದ್ದಳು. ಕೊಟ್ಟಿಗೆಗೆ ಹೊಡೆದ ಕುರಿಗಳನ್ನು ಎಣಿಸುವುದು ಊರಿನವರೆಲ್ಲ ಮಾಡುವ ಕೆಲಸವೇ; ಈಕೆ ಮಾತ್ರ ಮಲಗಿದ ಕುರಿಗಳನ್ನು ಎಬ್ಬಿಸಿ ಎಣಿಸುತ್ತಿದ್ದಳು. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳಿಗೆ ಈಗ ನಲವತ್ತನಾಲ್ಕು. ಅತ್ತೆ ಬೈದು ನೋಡಿದ್ದಳು, ಗಂಡ ನೋರ್ಫೆಲ್ ನಕ್ಕು ನೋಡಿದ್ದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಇಬ್ಬರೂ ಕೈಬಿಟ್ಟಿದ್ದರು.

ಆ ವರ್ಷ ಚಳಿಗಾಲದ ನಡುವೆ ಮನೆಯ ಹಳೆಯ ಕೆಟಲಿ ಹೋಯಿತು. ಅತ್ತೆಯ ಅತ್ತೆ ತಂದದ್ದಂತೆ. ಮೂರು ತಲೆಮಾರಿನ ಹೆಂಗಸರು ದಿನವೂ ಬೂದಿ ಹಾಕಿ ತಿಕ್ಕಿ ತಿಕ್ಕಿ ಅದರ ತಳ ಕಾಗದದಷ್ಟು ತೆಳ್ಳಗಾಗಿತ್ತು. ಒಳಗಿನ ಕಲಾಯಿ ಎಂದೋ ಬಿಟ್ಟಿತ್ತು. ನಾದಿನಿಯ ಬೀಗರು ಬಂದು ಕೂತಿದ್ದ ದಿನವೇ, ಬಟ್ಟಲಿಗೆ ಬಗ್ಗಿಸುವ ಹೊತ್ತಿಗೆ, ತಳ ಬಾಯ್ಬಿಟ್ಟು ಬೆಣ್ಣೆಚಹಾ ಪೂರ್ತಿ ಒಲೆಯ ಪಾಲಾಯಿತು. ಬೀಗರು ದೊಡ್ಡ ಮನಸ್ಸಿನವರು, ನೋಡದವರಂತೆ ಸೂರು ನೋಡುತ್ತ ಕೂತರು. ಕುಂಝೆಸ್‌ಗೆ ಮಾತ್ರ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಲೇಹ್ ಪೇಟೇಲಿ ಅಲ್ಯೂಮಿನಿಯಂದು ಸಿಗುತ್ತೆ. ಹಗುರ, ಅಗ್ಗ. ತಗೊಂಡ್ಬರ್ತೀನಿ ಬಿಡು," ಎಂದ ನೋರ್ಫೆಲ್.

"ಗೂಡಿನ ಮೇಲೆ ನೋಡಿ ಒಂದ್ಸಲ. ನಿಮ್ಮಮ್ಮ ಸಾಲಾಗಿ ಇಟ್ಟು ಹೋದ ತಾಮ್ರದ ಪಾತ್ರೆಗಳು. ಅವುಗಳ ನಡುವೆ ಅಲ್ಯೂಮಿನಿಯಂ ಇಡ್ಲಾ? ಮನೆಗೆ ಬಂದವರು ನನ್ನ ಮುಖ ನೋಡಲ್ಲ, ಆ ಗೂಡು ನೋಡ್ತಾರೆ."

"ನಿನ್ನ ಮುಖ ನೋಡೋದಕ್ಕಿಂತ ಅದೇ ಮೇಲು ಅಂತಿರಬಹುದು."

"ನಾನು ಚಿಲಿಂಗ್‌ಗೆ ಹೋಗ್ತೀನಿ," ಎಂದಳು ಕುಂಝೆಸ್.

ಚಿಲಿಂಗ್ ಝಂಸ್ಕಾರ್ ನದಿಯ ಮೇಲುಗಡೆ ಒಂದು ದಿನದ ಕಾಲುದಾರಿ. ಆಗಿನ್ನೂ ಅಲ್ಲಿಗೆ ರಸ್ತೆ ಬಂದಿರಲಿಲ್ಲ. ಊರು ತುಂಬ ತಾಮ್ರದ ಕೆಲಸದವರು. ಬೇಸಿಗೆಯಲ್ಲಿ ಹೊಲ, ಚಳಿಗಾಲದಲ್ಲಿ ಸುತ್ತಿಗೆ. ಹಿಟ್ಟು ಬೀಸಿಸಲು ಕೆಳಗೆ ಬಂದಿದ್ದ ಆ ಊರಿನ ಇಬ್ಬರು ಹೆಂಗಸರು ವಾಪಸು ಹೊರಟಿದ್ದರು. ಬೆಲೆಗೆಂದು ಹಳೆಯ ಕೆಟಲಿ, ಒಂದು ಚೀಲ ಒಣಗಿಸಿದ ಜರ್ದಾಳು ಬೆನ್ನಿಗೇರಿಸಿ ಅವರ ಜೊತೆ ಹೊರಟಳು.

ತಾಮ್ರದ ಕೆಲಸದ ಅಜ್ಜ ಗ್ಯಾಲ್ಸನ್‌ಗೆ ಎಪ್ಪತ್ತು ದಾಟಿತ್ತು. ಊರಿಗೆಲ್ಲ ಆತ ಮೆಮೆಲೆ, ಅಜ್ಜನವರು. ಕುಂಝೆಸ್ ಮುಂದೆ ಕಂಬಳಿ ಹಾಸಿ ನಾಲ್ಕು ಕೆಟಲಿ ಇಟ್ಟ. ತಾಮ್ರದ ಹೊಟ್ಟೆ, ಹಿತ್ತಾಳೆಯ ಕೊರಳಪಟ್ಟಿ, ಮೊಸಳೆ ಬಾಯಿಂದ ಹೊರಬಂದಂತೆ ಮೂತಿ, ಮುಚ್ಚಳಕ್ಕೊಂದು ಸರಪಳಿ. ಬೇರೆಯವರಾದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದನ್ನು ಆರಿಸಿ ಎದ್ದುಬಿಡುತ್ತಿದ್ದರು. ಕುಂಝೆಸ್ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಳು. ಬೆರಳ ಗೆಣ್ಣಿನಿಂದ ಒಂದೊಂದರ ಹೊಟ್ಟೆ ಬಡಿದು ಕಿವಿಗೊಟ್ಟಳು. ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ಕಲಾಯಿ ನೋಡಿದಳು. ಬರಿದಾಗಿ ಎತ್ತಿದಳು, ನೀರು ತುಂಬಿಸಿ ಎತ್ತಿದಳು. ಬಗ್ಗಿಸಿ ನಿಲ್ಲಿಸಿದಾಗ ಕೊನೆಯ ಹನಿ ಒಳಗೆ ಹಿಂತಿರುಗುತ್ತದೋ, ಮೂತಿಯ ಹೊರಗಿಂದ ಇಳಿದು ಹಾಸು ಕೆಡಿಸುತ್ತದೋ ಎಂದು ಕಣ್ಣು ಕೀಲಿಸಿ ಕಾದಳು.

"ಮೆಮೆಲೆ, ಇದರ ಹೊಟ್ಟೆ ಈ ಕಡೆ ಸ್ವಲ್ಪ ಉಬ್ಬಿಲ್ವಾ?"

"ಉಬ್ಬಿರೋದು ನಿನ್ನ ಕಣ್ಣು, ಮಗಳೇ. ಕೆಟಲಿ ನೆಟ್ಟಗಿದೆ."

"ತಳದ ಬೆಸುಗೆ ಸೋರಿದ್ರೆ?"

ಅಜ್ಜ ಒಲೆಯಿಂದ ಬೂದಿ ತೆಗೆದು ತಟ್ಟೆಯಲ್ಲಿ ಹರಡಿ, ನೀರು ತುಂಬಿದ ಕೆಟಲಿಯನ್ನು ಅದರ ಮೇಲಿಟ್ಟ. ಸೋರಿದರೆ ಬೂದಿ ಒದ್ದೆಯಾಗುತ್ತದೆ. ಒಂದು ಗಂಟೆ ಇಬ್ಬರೂ ಬೂದಿ ನೋಡುತ್ತ ಕೂತರು. ಅದು ಒಣಗಿಯೇ ಇತ್ತು.

"ಗಂಡನ್ನ ಒಪ್ಪಿಕೊಳ್ಳೋವಾಗಲೂ ಹಿಂಗೇ ಬೂದಿ ಮೇಲೆ ಕೂರಿಸಿ ನೋಡಿದ್ಯಾ?" ಕೇಳಿದ ಅಜ್ಜ.

"ನೋಡಿದ್ರೆ ಆಗಲೇ ಗೊತ್ತಾಗ್ತಿತ್ತು. ಎರಡು ಬಟ್ಟಲು ಚಂಗ್ ಒಳಗೆ ಹೋದ್ರೆ ಸಾಕು, ಮನೆ ಗುಟ್ಟೆಲ್ಲ ಸೋರುತ್ತೆ ಅದು."

ಅಜ್ಜನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕು ಎರಡಾಯಿತು, ಎರಡರಲ್ಲಿ ಒಂದಾಯಿತು. ಉಳಿದ ಆ ಇನ್ನೊಂದು ಇದರ ಅವಳಿಯಂತೇ ಇತ್ತು. ವ್ಯತ್ಯಾಸ ಇಷ್ಟೆ: ಕುಂಝೆಸ್ ಆರಿಸಿದ್ದರ ಒಳಗೆ, ತಳದ ಬೆಸುಗೆಯ ಸಾಲಿನಲ್ಲಿ, ತೊಗರಿಬೇಳೆಯಷ್ಟು ದೊಡ್ಡದಾದ ಒಂದು ಗುಳ್ಳೆ ಇತ್ತು. ಅಲ್ಲಿ ಬೆಸುಗೆ ದಪ್ಪ, ಅಲ್ಲಿ ಒಡೆಯದು ಎಂದು ಅವಳ ಲೆಕ್ಕ.

ಮರುದಿನ ಬೆಳಗ್ಗೆ ಅಜ್ಜಿ ಕೆಟಲಿಯ ಕುತ್ತಿಗೆಯವರೆಗೆ ಜವೆ ತುಂಬಿ ಮುಚ್ಚಳ ಹಾಕಿದಳು. ಹೊಸ ಪಾತ್ರೆ ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟಬಾರದು. ಬೇಸಿಗೆಯಾದರೆ ನೀರು ಹಾಕಿ ಕಳಿಸುತ್ತಾರೆ. ಚಳಿಗಾಲದಲ್ಲಿ ನೀರು ಗಡ್ಡೆಕಟ್ಟಿ ಬೆಸುಗೆ ಬಿರಿಯುತ್ತದೆಂದು ಧಾನ್ಯ. "ದಾರೀಲಿ ಯಾರು ಎದುರು ಬಂದ್ರೂ ನಿನ್ನಿಂದ ಒಳ್ಳೇದಾಗ್ಲಿ," ಎಂದು ಅಜ್ಜಿ ಕೈಗೆ ಕೊಟ್ಟಳು. ಸುಮ್ಮನೆ ಬಂದಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಅರ್ಧ ದಾರಿ ನಡೆದಿದ್ದಳಷ್ಟೆ, ಅನುಮಾನ ಹೊಕ್ಕಿತು. ಮುದುಕನ ಕಣ್ಣು ಮಂಜು. ಆ ಅವಳಿಯನ್ನು ಕೊಟ್ಟುಬಿಟ್ಟಿದ್ದರೆ? ಬೇಕೆಂದೇ ಕೊಟ್ಟಿರಲಿಕ್ಕಿಲ್ಲ, ಆದರೆ ಕೊಟ್ಟಿದ್ದರೆ? ಇನ್ನೊಂದು ತಿರುವಿನಷ್ಟು ದೂರ ಆ ಯೋಚನೆಯನ್ನು ಅದುಮಿ ನಡೆದಳು. ಅದು ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಬಿಡಲೇ ಇಲ್ಲ. ಕೊನೆಗೆ ಒಂದು ಬಂಡೆಯ ಮರೆಯಲ್ಲಿ ಕೂತು, ಶಾಲು ಹಾಸಿ, ಜವೆಯನ್ನೆಲ್ಲ ಅದರ ಮೇಲೆ ಸುರಿದು, ಕೆಟಲಿಯನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿದಳು. ತೊಗರಿಬೇಳೆಯಷ್ಟು ಗುಳ್ಳೆ ಇದ್ದ ಜಾಗದಲ್ಲೇ ಇತ್ತು. ಅಮ್ಮಾ ಎಂದು ಉಸಿರುಬಿಟ್ಟಳು. ಅಷ್ಟರಲ್ಲಿ ಕಣಿವೆಯಿಂದ ಗಾಳಿ ನುಗ್ಗಿತು. ಶಾಲಿನ ತುದಿ ಎದ್ದಿತು. ಮರಗಟ್ಟಿದ ಬೆರಳಿಗೆ ಅದು ಸಿಕ್ಕುವ ಮೊದಲೇ ಜವೆ ಪೂರಾ ದಿಬ್ಬದ ಕೆಳಗೆ, ಹೆಪ್ಪುಗಟ್ಟಿದ ನದಿಯ ಮೇಲೆ ಚೆಲ್ಲಿಹೋಯಿತು. ಕೆಂಪು ಕೊಕ್ಕಿನ ಕಾಗೆಗಳು ಎಲ್ಲಿದ್ದವೋ, ಕರೆದಂತೆ ಬಂದು ಇಳಿದವು.

ಶಾಲಿನ ಉಣ್ಣೆಗೆ ಅಂಟಿದ್ದ ಏಳೆಂಟು ಕಾಳು ಹೆಕ್ಕಿ ಕೆಟಲಿಗೆ ಹಾಕಿದಳು. ಅವು ತಳದಲ್ಲಿ ಲೊಟಲೊಟ ಎಂದವು. ಆ ಸದ್ದು ಕೇಳಲಾರದೆ ಅವನ್ನೂ ತೆಗೆದು ಬಾಯಿಗೆ ಹಾಕಿಕೊಂಡಳು. ಈ ಚಳಿಯಲ್ಲಿ ಈ ದಾರಿಗೆ ಯಾರು ಬರುತ್ತಾರೆ, ಮನೆ ಹತ್ತಿರ ಬಂದಾಗ ಏನಾದರೂ ತುಂಬಿಕೊಂಡರಾಯಿತು ಎಂದು ಎದ್ದಳು.

ಮುಂದಿನ ತಿರುವಿನಲ್ಲೇ ಚೋಸ್ಪೆಲ್ ಎದುರಾದ.

ಚೋಸ್ಪೆಲ್ ನದಿಯ ಮೇಲ್ತುದಿಯ ಝಂಸ್ಕಾರ್ ಸೀಮೆಯವನು. ನದಿ ಹೆಪ್ಪುಗಟ್ಟಿದಾಗ ಅದರ ಮೇಲೇ ಎಂಟು ದಿನ ನಡೆದು ಬೆಣ್ಣೆ ಮಾರಲು ಬರುವವನು; ಹನ್ನೊಂದು ಚಳಿಗಾಲದಿಂದ ಕುಂಝೆಸ್‌ಳ ಮನೆಯೇ ಅವನ ತಂಗುದಾಣ. ಇವತ್ತು ಅವನ ಬೆರಳು ಹಿಡಿದು ಒಂಬತ್ತು ವರ್ಷದ ಮಗಳು ಯಾಂಗ್ಡೋಲ್ ಇದ್ದಳು. ಲೇಹ್‌ನ ಶಾಲೆಯ ಹಾಸ್ಟೆಲಿನಲ್ಲಿದ್ದ ಹುಡುಗಿ. ಹಸಿರು ಸ್ವೆಟರ್, ಹೊಸ ರಬ್ಬರ್ ಬೂಟು, ಚಳಿಗೆ ಬಿರಿದ ಕೆನ್ನೆ.

"ಜುಲೆ, ಅಚೆಲೆ!" ದೂರದಿಂದಲೇ ಕೂಗಿದ ಚೋಸ್ಪೆಲ್. ಅಕ್ಕಾವ್ರೇ ಎಂದೇ ಅವನು ಅವಳನ್ನು ಕರೆಯುತ್ತಿದ್ದುದು, ಅವಳ ಗಂಡನನ್ನು ಆಚೊ, ಅಣ್ಣ ಎಂದು. "ನಿನ್ನೆ ನಿಮ್ಮನೇಲೇ ಇದ್ವಿ. ನೋರ್ಫೆಲ್ ಆಚೊ ಕೈಯಡುಗೆ. ಆ ತುಕ್ಪಾ ತಿಂದು ಬದುಕಿದೀವಿ ಅಂದ್ರೆ ಇನ್ನು ನದಿ ನಮ್ಮನ್ನ ಏನೂ ಮಾಡಲ್ಲ."

"ಹುಡುಗೀನೂ ಕರ್ಕೊಂಡು ಹೊರಟ್ಯಾ?"

"ಅವಳಮ್ಮ ಇವಳನ್ನ ನೋಡಿ ಮೂರು ವರ್ಷ ಆಯ್ತು. ಊರಿನವರು ನಾಲ್ಕು ಜನ ಮುಂದೆ ಹೋಗಿ ಚಿಲಿಂಗ್‌ನಲ್ಲಿ ಕಾಯ್ತಿದ್ದಾರೆ. ನಾಳೆ ಬೆಳಿಗ್ಗೆ ನದಿ ಮಂಜುಗಡ್ಡೆ ಮೇಲೆ ಇಳೀತೀವಿ."

"ಅನೆಲೆ, ಅಮ್ಮಂಗೆ ನನ್ನ ಗುರುತು ಸಿಗುತ್ತಾ?" ಎಂದಳು ಯಾಂಗ್ಡೋಲ್; ಅಪ್ಪ ಅಕ್ಕ ಎನ್ನುವವಳು ಅವಳಿಗೆ ಅನೆಲೆ, ಅತ್ತೆ.

ಕುಂಝೆಸ್ ಬಾಯಿ ತೆರೆಯುವಷ್ಟರಲ್ಲಿ ಚೋಸ್ಪೆಲ್‌ನ ಕಣ್ಣು ಕೆಟಲಿಗೆ ಬಿತ್ತು. ಬಿಸಿಲಿಗೆ ಅದು ಹೊಸ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಅವನ ಮುಖದ ನಗೆ ಅರ್ಧಕ್ಕೆ ನಿಂತಿತು. "ತುಂಬಿದೆ ತಾನೆ, ಅಚೆಲೆ?"

ಹೊರಟವನ ಎದುರಿಗೆ ಬರಿಪಾತ್ರೆ ಬಂದರೆ ಆ ದಿನ ಹೆಜ್ಜೆ ಮುಂದಿಡಬಾರದು. ತಿರುಗಿ ಹೋಗಿ, ಒಂದು ದಿನ ಕೂತು, ಮತ್ತೆ ಹೊರಡಬೇಕು. ಮಾಮೂಲಿ ದಾರಿಗೇ ಈ ಮಾತು. ಇನ್ನು ಕಾಲಡಿಯಲ್ಲಿ ನದಿ ಹರಿಯುವ ದಾರಿಗೆ ಕೇಳಬೇಕೆ. ಇಲ್ಲ, ಬರಿದು ಎಂದು ಹೇಳಬೇಕಿತ್ತು. ಹೇಳಿದರೆ ಮೂವರೂ ನೀಮೂಗೆ ತಿರುಗುವುದು, ಹುಡುಗಿಯ ಮುಖ ಬಾಡುವುದು, ಪ್ರಯಾಣಿಕರಿಗೆ ಬರಿಪಾತ್ರೆ ತೋರಿದವಳು ಎಂದು ಊರು ಆಡಿಕೊಳ್ಳುವುದು, ಯಾಕೆ ಬರಿದಾಯಿತು ಎಂದು ನೋರ್ಫೆಲ್ ಕೇಳಿ ಊರೆಲ್ಲ ಹೇಳಿ ನಗುವುದು, ಎಲ್ಲ ಒಂದೇ ಉಸಿರಿನಲ್ಲಿ ಅವಳ ಕಣ್ಣ ಮುಂದೆ ಹಾದವು.

"ತುಂಬಿದೆ, ತುಂಬಿದೆ. ಜವೆ," ಎಂದಳು ಕುಂಝೆಸ್.

"ನೋಡ್ಲಾ ಅನೆಲೆ?" ಹುಡುಗಿ ಮುಚ್ಚಳಕ್ಕೆ ಕೈ ಹಾಕಿದಳು.

ಕುಂಝೆಸ್ ಮುಚ್ಚಳವನ್ನು ಅಂಗೈಯಲ್ಲಿ ಅಮುಕಿ ಹಿಡಿದಳು. "ಬೇಡ ಮಗಾ, ಗಾಳಿಗೆ ಹಾರಿಹೋಗುತ್ತೆ."

ಚೋಸ್ಪೆಲ್ ಅವಳನ್ನೊಮ್ಮೆ ನೋಡಿದ. ಆಮೇಲೆ ಮಗಳ ಕೈ ಎಳೆದುಕೊಂಡ. "ಬಾರೇ, ಹೊತ್ತಾಯ್ತು. ತುಂಬಿದ ಪಾತ್ರೆ ಸಿಕ್ತಲ್ಲ, ಇನ್ನೇನು ಬೇಕು ನಿಂಗೆ." ಹುಡುಗಿ ಕೆಟಲಿಯ ಹೊಟ್ಟೆ ಸವರಿ, ಆ ಬೆರಳನ್ನು ಹಣೆಗೆ ಮುಟ್ಟಿಸಿಕೊಂಡು, ಅಪ್ಪನ ಹಿಂದೆ ಓಡಿದಳು.

ಅವರು ತಿರುವಿನಲ್ಲಿ ಮರೆಯಾಗುವ ತನಕ ಕುಂಝೆಸ್ ನಿಂತೇ ಇದ್ದಳು. ಕೂಗಬೇಕು ಎಂದುಕೊಂಡಳು. ಈಗ ಕೂಗಿದರೆ ಸುಳ್ಳು ಹೇಳಿದೆ ಎಂದೂ ಆಗುತ್ತದೆ. ಹೀಗೆ ಅಂದುಕೊಳ್ಳುತ್ತಿರುವಾಗಲೇ ಅವರು ಕೂಗಿನ ಆಚೆಗೆ ಹೋದರು.

ಮನೆಗೆ ಬಂದಾಗ ನೋರ್ಫೆಲ್ ಕೆಟಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ವೇ, ನನಗಿಂತ ಚೆನ್ನಾಗಿರೋದನ್ನೇ ಆರಿಸಿದೀಯ," ಎಂದ. ಅವಳು ನಗಲಿಲ್ಲ. ಕೆಟಲಿಯನ್ನು ಗೂಡಿನ ಮೇಲಿಟ್ಟು, ಹಳೆಯ ಪಾತ್ರೆಯೊಂದರಲ್ಲಿ ಚಹಾ ಕಾಯಿಸಿ ಸೌಟಿನಲ್ಲಿ ಬಡಿಸಿದಳು. ಮರುದಿನವೂ ಹಾಗೇ. ಅದರ ಮರುದಿನವೂ.

ಹೊಸ ಕೆಟಲಿ ಬಂದಿದೆ ಎಂದು ತಿಳಿದ ಮೇಲೆ ನೆರೆಯ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರಾಗಿ ಬಂದರು. "ಪೂಜೆಗಿಟ್ಟಿದೀಯೇನೇ? ಅದರಲ್ಲಿ ಒಂದು ಗುಟುಕು ನಮಗೂ ಹಾಕು," ಎಂದರು. ಒಳ್ಳೆಯ ದಿನ ನೋಡಬೇಕು ಎಂದಳು. ಕಲಾಯಿ ಹಸಿ ಇದೆ ಎಂದಳು. ನಾಲ್ಕನೆಯವಳಿಗೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಚೋಸ್ಪೆಲ್ ಇವತ್ತು ಎಲ್ಲಿರುತ್ತಾನೆ, ಇವತ್ತು ಎಲ್ಲಿರುತ್ತಾನೆ ಎಂದು ದಿನ ಎಣಿಸುವುದೊಂದೇ ಅವಳ ಕೆಲಸವಾಗಿತ್ತು. ಎಂಟು ದಿನ ಹೋಗಲು. ಆಮೇಲೆ ಬೆಣ್ಣೆ ಹೊತ್ತು ಮತ್ತೆ ಎಂಟು ದಿನ ಬರಲು. ನಡುವೆ ಮನೆಯಲ್ಲಿ ಐದಾರು ದಿನ. ಇಪ್ಪತ್ತೆರಡು ದಿನ ಕಾಯದೆ ಏನೂ ಗೊತ್ತಾಗುವಂತಿಲ್ಲ.

ಐದನೆಯ ದಿನ ಆಕಾಶಕ್ಕೆ ಮೋಡ ಕವಿಯಿತು. ಚಳಿ ಸಡಿಲಾಯಿತು. ಊರಿನವರೆಲ್ಲ ಹಾಯೆನಿಸಿ ಅಂಗಳದಲ್ಲಿ ಕೂತರೆ ಕುಂಝೆಸ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಮೋಡ ಬಂದರೆ ಬೆಚ್ಚಗಾಗುತ್ತದೆ, ಬೆಚ್ಚಗಾದರೆ ಗಡ್ಡೆ ಒಡೆಯುತ್ತದೆ. ನೀಮೂ ಊರಿನ ಕೆಳಗೆ ಝಂಸ್ಕಾರ್ ಬಂದು ದೊಡ್ಡ ನದಿಗೆ ಕೂಡುತ್ತದೆ. ಅಲ್ಲಿಗೆ ಓಡಿದಳು. ಬಾಗಿಲಷ್ಟು ಬಾಗಿಲಷ್ಟು ಗಡ್ಡೆಗಳು ತಿರುಗುತ್ತ ತೇಲಿ ಬರುತ್ತಿದ್ದವು. ಮೇಲೆಲ್ಲೋ ಹಾದಿ ಒಡೆದಿದೆ ಎಂದು ಅದರ ಅರ್ಥ. ಒಂದು ಗಡ್ಡೆಯ ಅಂಚಿನಲ್ಲಿ ಹಸಿರು ಬಟ್ಟೆಯೊಂದು ಸಿಕ್ಕಿಕೊಂಡಿತ್ತು. ಹಸಿರು ಸ್ವೆಟರ್. ದಡದುದ್ದಕ್ಕೂ ಎಡವುತ್ತ ಅದರ ಜೊತೆಗೇ ಓಡಿದಳು. ಅದು ದಡಕ್ಕೆ ಹತ್ತಿರ ಬಂದಾಗ ನೋಡಿದರೆ ಯಾವುದೋ ಕಣಿವೆಯ ಬಾಯಲ್ಲಿ ಕಟ್ಟಿದ್ದ ಪ್ರಾರ್ಥನೆಯ ಬಾವುಟದ ತುಂಡು. ಅಲ್ಲೇ ಕಲ್ಲಿನ ಮೇಲೆ ಕೂತು, ಬಾವುಟ ಎನ್ನುವುದೂ ಒಳ್ಳೆಯ ಶಕುನವೋ ಕೆಟ್ಟದ್ದೋ ಎಂದು ಮತ್ತೆ ಚಿಂತೆ ಹಚ್ಚಿಕೊಂಡಳು.

ಅವತ್ತು ಸಂಜೆ ನೋರ್ಫೆಲ್ ಕೇಳಿದ. "ಏನಾಗಿದೆ ನಿಂಗೆ? ಊಟ ಇಲ್ಲ, ಮಾತಿಲ್ಲ. ಕುರಿ ಎಣಿಸೋದೂ ಬಿಟ್ಟಿದೀಯ. ಅದನ್ನ ನೋಡಿ ನಂಗೇ ಹೆದರಿಕೆ ಆಗ್ತಿದೆ."

ಹೇಳಿದಳು. ಒಂದೂ ಬಿಡದೆ ಹೇಳಿದಳು. ಶಾಲು, ಗಾಳಿ, ಕಾಗೆಗಳ ತನಕ ಬಂದಾಗ ಅವನು ನಕ್ಕ. ಚೋಸ್ಪೆಲ್ ಎದುರಾದನೆಂದಾಗ ನಗೆ ನಿಲ್ಲಿಸಿದ. ಒಲೆಗೆ ಸೌದೆ ದೂಡಿದ.

"ಅಲ್ವೇ," ಎಂದ ಕೊನೆಗೆ, "ಕಾಲ ಕೆಳಗೆ ಬೆಟ್ಟದಷ್ಟು ಹಿಮ ಬಿದ್ದಿತ್ತು. ಎರಡು ಬೊಗಸೆ ತುಂಬೋಕೆ ಏನಾಗಿತ್ತು ನಿಂಗೆ? ಅದೂ ತುಂಬಿದ ಪಾತ್ರೆನೇ ತಾನೆ?"

ಕುಂಝೆಸ್ ಅವನ ಮುಖವನ್ನೇ ನೋಡಿದಳು. ಹೌದು. ಹಿಮ. ಆ ಕೊರೆಯುವ ಗಾಳಿಯಲ್ಲಿ ಅದು ಕರಗುತ್ತಲೂ ಇರಲಿಲ್ಲ, ಬೆಸುಗೆಗೆ ಏನೂ ಆಗುತ್ತಿರಲಿಲ್ಲ. ಲೋಕದ ಎಲ್ಲದರ ಬಗ್ಗೆಯೂ ಯೋಚಿಸುವ ಅವಳಿಗೆ ಕಾಲಡಿಯ ಹಿಮ ಹೊಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ದಿನದಿಂದ ಅವಳು ಹಿಮ ಕಂಡರೆ ಮುಖ ತಿರುಗಿಸುತ್ತಿದ್ದಳು. ಆ ಊರಿನಲ್ಲಿ ಆ ತಿಂಗಳಲ್ಲಿ ಹಿಮ ಕಾಣದೆ ಇರುವುದು ಎಲ್ಲಿಂದ ಸಾಧ್ಯ?

"ಚೋಸ್ಪೆಲ್ ಗಟ್ಟಿಗ, ಮೂವತ್ತು ಸಲ ನಡೆದಿದಾನೆ," ಎಂದ ನೋರ್ಫೆಲ್ ಸಮಾಧಾನಕ್ಕೆ.

"ಹುಡುಗಿ ನಡೆದಿಲ್ಲ," ಎಂದಳು ಕುಂಝೆಸ್.

ಇಪ್ಪತ್ತೆರಡನೆಯ ದಿನ ಯಾರೂ ಬರಲಿಲ್ಲ. ಇಪ್ಪತ್ಮೂರು, ಇಪ್ಪತ್ನಾಲ್ಕು. ಝಂಸ್ಕಾರಿನ ಬೇರೆ ಯಾರಾದರೂ ಇಳಿದು ಬಂದರೇನೋ ಎಂದು ಅಂಗಡಿಯವನನ್ನು ದಿನವೂ ಕೇಳಿದಳು. ಮಕ್ಕಳ ಶಾಲೆ ತೆರೆಯಲು ನಾಲ್ಕು ದಿನ ಉಳಿದಿತ್ತು. ಬಂದರೆ ಹುಡುಗಿಯೂ ಬರಲೇಬೇಕು.

ಇಪ್ಪತ್ತೈದನೆಯ ದಿನ ಮಧ್ಯಾಹ್ನ ನಾಯಿ ಬೊಗಳಿತು. ನೋರ್ಫೆಲ್ ಹಿಟ್ಟಿನ ಗಿರಣಿಗೆ ಹೋಗಿದ್ದ. ಕುಂಝೆಸ್ ಬಾಗಿಲಿಗೆ ಹಾರಿದಳು. ಚೋಸ್ಪೆಲ್ ಬಗ್ಗಿ ಬೂಟಿನ ಹಿಮ ಕೊಡವುತ್ತಿದ್ದ. ಮೂಗಿನ ತುದಿ ಸುಟ್ಟು ಕಪ್ಪಾಗಿತ್ತು. ಬೆನ್ನ ಮೇಲೆ ಚರ್ಮದಲ್ಲಿ ಹೊಲಿದ ಬೆಣ್ಣೆಯ ಗಂಟು. ಅವನ ಹಿಂದೆ ಯಾರೂ ಇರಲಿಲ್ಲ.

"ಜುಲೆ, ಅಚೆಲೆ."

"ಜುಲೆ. ಬಾ," ಎಂದಳು. ದನಿ ಅವಳದ್ದೇ ಅನ್ನಿಸಲಿಲ್ಲ.

ಎಲ್ಲಿ ಹುಡುಗಿ ಎಂದು ಕೇಳಬೇಕು. ಕೇಳುವಂತಿಲ್ಲ. ಬಂದವನಿಗೆ ಕೂರಲು ಹೇಳಿ, ಚಹಾ ಕೊಟ್ಟು, ಅವನಾಗಿ ಹೇಳುವ ತನಕ ಮನೆಯವರ ಕ್ಷೇಮ ಕೆದಕಬಾರದು. ಕೆಟ್ಟದ್ದೇನಾದರೂ ಇದ್ದರೆ ಅದು ಬಿಸಿ ಹೊಟ್ಟೆಗೆ ಇಳಿದ ಮೇಲೆಯೇ ಹೊರಬರಲಿ ಎಂಬ ರೂಢಿ. ಕುಂಝೆಸ್ ಪಾತ್ರೆಯಿಂದ ಚಹಾ ತೋಡಿ ಬಟ್ಟಲು ಮುಂದಿಟ್ಟಳು.

"ಬೇಡ, ಅಚೆಲೆ, ಬೇಡ. ದಾರೀಲಿ ಕುಡಿದೆ."

ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ಎರಡನೆಯ ಸಲವೂ ಮರ್ಯಾದೆ. ಮೂರನೆಯ ಸಲಕ್ಕೆ ಬಟ್ಟಲು ಮುಟ್ಟಬೇಕು. ಎಷ್ಟೋ ಸಾವಿರ ಸಲ ಅವಳು ಈ ಆಟವನ್ನು ಆಡಿದ್ದಳು. ಇವತ್ತು ಎರಡನೆಯ ಬೇಡಕ್ಕೇ ಅವಳ ಸಹನೆ ಕಿತ್ತುಹೋಯಿತು.

"ಕುಡಿಯೋ ಮಾರಾಯ! ಕುಡಿ, ಕುಡಿದು ಹೇಳು. ಯಾಂಗ್ಡೋಲ್ ಎಲ್ಲಿ?"

ಚೋಸ್ಪೆಲ್ ಬೆಚ್ಚಿ ನೋಡಿದ. "ಮನೇಲಿದಾಳೆ. ಅವಳಮ್ಮನ ಹತ್ರ."

"ಇದಾಳೆ?"

"ಇದಾಳೆ, ಅಚೆಲೆ. ಇದಾಳೆ."

ಕುಂಝೆಸ್ ಕಂಬ ಹಿಡಿದು ಕೂತಳು. ಚೋಸ್ಪೆಲ್ ಬಟ್ಟಲು ಎತ್ತಿ ಒಂದು ಗುಟುಕು ಕುಡಿದು, ಕೆಳಗಿಟ್ಟು, ನಿಧಾನವಾಗಿ ಹೇಳಿದ. ಐದನೆಯ ದಿನ, ಕಣಿವೆ ಇಕ್ಕಟ್ಟಾಗುವ ಕಡೆ, ಗಡ್ಡೆ ಒಡೆದಿತ್ತು. ಬಂಡೆಯ ಬುಡಕ್ಕೆ ಮಾರಗಲ ಅಂಟಿಕೊಂಡಿದ್ದ ಅಂಚಿನ ಮೇಲೆ ಸಾಲಾಗಿ ನಡೆದರು. ಅಂಚು ಮುರಿದು ಯಾಂಗ್ಡೋಲ್ ಮೊಣಕಾಲಿನವರೆಗೆ ನೀರಿಗೆ ಹೋದಳು. ಎಳೆದುಕೊಂಡರು. ಗವಿಯಲ್ಲಿ ಬೆಂಕಿ ಮಾಡಿ ಕಾಯಿಸಿದರೂ ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ. ಗಾಯ ಮಾಯುತ್ತಿದೆ. ಈ ಸಲ ನಡೆಯಲಾರಳು. ಬೇಸಿಗೆಯಲ್ಲಿ ಕಣಿವೆ ದಾರಿ ತೆರೆದ ಮೇಲೆ ಕುದುರೆಯ ಮೇಲೆ ಕರೆತಂದು ಶಾಲೆಗೆ ಬಿಡಬೇಕು.

"ಎರಡು ಬೆರಳು," ಎಂದಳು ಕುಂಝೆಸ್.

"ಎರಡೇ ಬೆರಳು, ಅಚೆಲೆ."

"ಒಂದು ದಿನ ತಡವಾಗಿ ಹೊರಟಿದ್ರೆ?"

ಚೋಸ್ಪೆಲ್ ಬಟ್ಟಲಿನ ಅಂಚು ಸವರಿದ.

"ಹೇಳು. ನಿಮ್ಮ ಹಿಂದೆ ಯಾರಾದ್ರೂ ಬಂದ್ರಾ?"

"ಲಿಂಗ್‌ಶೆಡ್ ಊರಿನವರು ಬಂದ್ರು. ಒಂದು ದಿನ ಹಿಂದೆ. ಅಷ್ಟರಲ್ಲಿ ಚಳಿ ಬಿಗಿದು ನದಿ ಮತ್ತೆ ಕೂಡಿತ್ತು. ಬೂಟು ಒದ್ದೆ ಆಗದೆ ದಾಟಿದ್ರಂತೆ."

ಕುಂಝೆಸ್ ಎದ್ದಳು. ಗೂಡಿನಿಂದ ಕೆಟಲಿಯನ್ನು ಇಳಿಸಿ ಅವನ ಮುಂದೆ ತಂದಿಟ್ಟು, ಮುಚ್ಚಳ ತೆಗೆದಳು. "ಅವತ್ತು ಹಿಂಗೇ ಇತ್ತು. ಬರಿದು. ನಾನು ಸುಳ್ಳು ಹೇಳಿದೆ. ನನ್ನ ಸಂಶಯ ಜವೆ ಚೆಲ್ಲಿತು, ನನ್ನ ನಾಚಿಕೆ ಸುಳ್ಳು ಹೇಳ್ತು. ಹೊಡಿ ಬೇಕಾದ್ರೆ."

ಚೋಸ್ಪೆಲ್ ಕೆಟಲಿಯ ಒಳಗೆ ಇಣುಕಲಿಲ್ಲ. "ಗೊತ್ತಿತ್ತು," ಎಂದ.

"ಏನು?"

"ಹೊರೆ ಹೊತ್ತು ಬದುಕೋನು ನಾನು. ಅಷ್ಟು ದೊಡ್ಡ ಕೆಟಲಿ ತುಂಬ ಜವೆ ಇದ್ರೆ ನಿಮ್ಮ ಭುಜ ಒಂದು ಕಡೆ ಜಗ್ತಿತ್ತು. ನಿಮ್ಮ ಕೈಯಲ್ಲಿ ಅದು ಕುಣೀತಾ ಬಂತು."

ಕುಂಝೆಸ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಇಪ್ಪತ್ತೈದು ದಿನದ ಸಂಕಟವೆಲ್ಲ ಸಿಟ್ಟಾಗಿ ಉಕ್ಕಿತು. "ಗೊತ್ತಿತ್ತಾ? ಗೊತ್ತಿದ್ದೂ ಮಗೂನ ಗಡ್ಡೆ ಮೇಲೆ ಕರ್ಕೊಂಡು ಹೋದ್ಯಾ? ನಾನಿಲ್ಲಿ ಊಟ ನಿದ್ದೆ ಬಿಟ್ಟು ಸಾಯ್ತಿದೀನಿ! ನಾಚಿಕೆ ಆಗಲ್ವೇನೋ ನಿಂಗೆ!"

"ಆಗುತ್ತೆ," ಎಂದ ಚೋಸ್ಪೆಲ್. "ಅಮ್ಮಂಗೆ ನನ್ನ ಗುರುತು ಸಿಗುತ್ತಾ ಅಂತ ಲೇಹ್‌ನಿಂದ ಕೇಳ್ತಾ ಬಂದಿದ್ಲು ಅವಳು. ಹಿಂದೆ ತಿರುಗು ಅನ್ನೋಕೆ ನಾಲಿಗೆ ಏಳಲಿಲ್ಲ ನಂಗೆ. ತುಂಬಿದೆ ಅಂತ ನೀವೇ ಅಂದ್ರಲ್ಲ, ಅದನ್ನೇ ಹಿಡ್ಕೊಂಡೆ. ಸುಳ್ಳು ಹೇಳಿದ್ದು ನಿಮ್ಮ ಬಾಯಿ, ನಡೆದದ್ದು ನನ್ನ ಕಾಲು." ಅವನು ಬಟ್ಟಲು ತಿರುಗಿಸಿದ. "ಆ ಗವೀಲಿ ಅವಳ ಕಾಲು ಉಜ್ಜುತ್ತಾ ನಿಮಗೆ ಶಾಪ ಹಾಕಿದೆ, ಅಚೆಲೆ. ಸುಳ್ಳು ಯಾಕೆ ಹೇಳಲಿ. ಬಾಯಿಗೆ ಬಂದದ್ದೆಲ್ಲ ಅಂದೆ, ಮನಸ್ಸಲ್ಲೇ."

"ಅನ್ನು. ಈಗಲೂ ಅನ್ನು."

"ಮಾರನೇ ದಿನ ಬಂಡೆ ಹತ್ತಬೇಕಿತ್ತು. ಕೆಳಗೆ ನೀರು, ಕೈಗೆ ಸಿಗೋದು ಬೆರಳಷ್ಟು ಬಿರುಕು. ನಮ್ಮ ಜೊತೆಗಿದ್ದ ದೊಡ್ಡ ಗಂಡಸರು ಅತ್ತುಬಿಟ್ರು, ನಾನೂ ಸೇರಿ. ಇವಳು ಆ ಕಾಲಲ್ಲೇ ಹತ್ತಿದಳು. ಮೇಲೆ ನಿಂತು ನನಗೇ ಹೇಳ್ತಾಳೆ, ಅಪ್ಪಾ ಹೆದರಬೇಡ, ನಾವು ತುಂಬಿದ ಕೆಟಲಿ ನೋಡ್ಕೊಂಡು ಬಂದಿದೀವಿ, ನಂಗೆ ಏನೂ ಆಗಲ್ಲ ಅಂತ." ಚೋಸ್ಪೆಲ್ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಹಾಗಾಗಿ ನಿಮ್ಮನ್ನ ಬೈಬೇಕೋ, ಕಾಲಿಗೆ ಬೀಳಬೇಕೋ ಗೊತ್ತಾಗ್ತಿಲ್ಲ ನಂಗೆ."

ಒಲೆಯಲ್ಲಿ ಸಗಣಿ ಬೆರಣಿ ಕುಸಿಯಿತು.

"ಬೇಸಿಗೇಲಿ ಬರ್ತಾಳೆ," ಎಂದ ಚೋಸ್ಪೆಲ್ ಮತ್ತೆ. "ಬಂದವಳೇ ನೇರ ನಿಮ್ಮ ಹತ್ರ ಓಡ್ತಾಳೆ. ಊರಲ್ಲಿ ಎಲ್ಲರಿಗೂ ಅದೇ ಕತೆ ಹೇಳ್ತಿದಾಳೆ. ಆ ಕಾಲು ಎಳ್ಕೊಂಡು ಇನ್ನೂ ಎಷ್ಟು ದಾರಿ ನಡೀಬೇಕೋ ಅವಳು. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಅಚೆಲೆ, ಅವತ್ತೇ ನೋಡಿದೆ. ಅಷ್ಟರೊಳಗೆ ಕಲ್ತ್ಕೊಳ್ಳಿ."

ಕುಂಝೆಸ್ ಕೆಟಲಿಯನ್ನು ಮಡಿಲಿಗೆ ಎಳೆದುಕೊಂಡಳು.

"ಎಷ್ಟು ತುಂಬಿತ್ತು ಅಂತ ಕೇಳಿದ್ರೆ?" ಎಂದಳು.

"ನೀವೇ ಹೇಳಿ."

"ಮುಚ್ಚಳ ಕೂರ್ತಾನೇ ಇರಲಿಲ್ಲ, ಅದಕ್ಕೇ ಕೈಯಲ್ಲಿ ಒತ್ತಿ ಹಿಡಿದಿದ್ದೆ ಅಂತೀನಿ," ಎಂದಳು ಕುಂಝೆಸ್, ಹೇಳುತ್ತಲೇ ಅತ್ತಳು.